ವಿಎಂ ಓಡುತ್ತಿರುವಾಗಲೇ ಬ್ಯಾಕಪ್ ತೆಗೆಯುವುದು ಹೇಗೆ?

ವಿಎಂ ಅಂದರೆ ವರ್ಚುವಲ್ ಮೆಷಿನ್, ಒಂದು ಕಂಪ್ಯೂಟರಿನೊಳಗೆ ಸಾಫ್ಟ್‌ವೇರ್ ಆಗಿ ಓಡುವ ಇನ್ನೊಂದು ಕಂಪ್ಯೂಟರ್. ಅದರ ಡಿಸ್ಕ್ ಅಂದರೆ ಕೊನೆಗೆ ಒಂದು ಫೈಲ್ ತಾನೇ? ಕಾಪಿ ಮಾಡಿಟ್ಟರೆ ಮುಗೀತಲ್ವಾ? ವಿಎಂ ನಿಂತಿದ್ದರೆ ಮುಗಿಯಿತು, ನಿಜ. ಓಡುತ್ತಿದ್ದರೆ ತೊಂದರೆ. 40 ಜಿಬಿ ಫೈಲ್ ಕಾಪಿಯಾಗಲು ಹತ್ತು ನಿಮಿಷ ಬೇಕು ಅಂತಿಟ್ಟುಕೊಳ್ಳಿ. ಕಾಪಿ ಬಾಲಕ್ಕೆ ಬರುವಷ್ಟರಲ್ಲಿ ತಲೆಯಲ್ಲಿ ಬೇರೇನೋ ಬರೆದಾಗಿರುತ್ತದೆ. ಅಂಗಡಿಯಲ್ಲಿ ವ್ಯಾಪಾರ ನಡೆಯುತ್ತಿರುವಾಗಲೇ ಲೆಕ್ಕದ ಪುಸ್ತಕವನ್ನು ಹಾಳೆ ಹಾಳೆಯಾಗಿ ಜೆರಾಕ್ಸ್ ಮಾಡಿಸಿದ ಹಾಗೆ. ಜಮೆ ಒಂದು ಹೊತ್ತಿನದು, ಖರ್ಚು ಇನ್ನೊಂದು ಹೊತ್ತಿನದು.

ಲಿನಕ್ಸ್‌ನ ಕೆವಿಎಂ ಬಳಸುವವರಿಗೆ ಇದಕ್ಕೊಂದು ಉಪಾಯವಿದೆ. ವಿಎಂಗಳನ್ನು ಓಡಿಸುವ ಈ ಕೆವಿಎಂ 2007ರಲ್ಲಿ ಲಿನಕ್ಸ್ ಕರ್ನಲ್ 2.6.20ರ ಜೊತೆಗೇ ಬಂತು. ಅದನ್ನು ನಡೆಸುವ ಲಿಬ್‌ವರ್ಟ್‌ನ ಕಮಾಂಡ್ 'ವಿರ್ಶ್'. ಕೆಳಗೆ ಕಮಾಂಡ್‌ಗಳನ್ನು ಕನ್ನಡದಲ್ಲೇ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರದಲ್ಲಿ ಮಾಡಿ, ಆಯ್ಕೆಗಳ ಮೊದಲು ಎರಡು ಅಡ್ಡಗೀಟು ಹಾಕಿ.

ಉಪಾಯ ಇಷ್ಟೇ. ಡಿಸ್ಕ್ ಫೈಲಿನ ಮೇಲೆ 'ಓವರ್‌ಲೇ' ಎಂಬ ಹೊಸ ಖಾಲಿ ಫೈಲ್ ಹೊದಿಸುವುದು. ಅಲ್ಲಿಂದ ಮುಂದೆ ವಿಎಂ ಬರೆಯುವುದೆಲ್ಲ ಓವರ್‌ಲೇಗೆ ಹೋಗುತ್ತದೆ. ಹಳೆಯ ಫೈಲ್ ಅಲುಗಾಡುವುದಿಲ್ಲ. ಅದನ್ನು ನಿಧಾನವಾಗಿ ಕಾಪಿ ಮಾಡಿಕೊಂಡು, ಆಮೇಲೆ ಓವರ್‌ಲೇಯಲ್ಲಿ ಸೇರಿದ್ದನ್ನು ಹಳೆಯ ಫೈಲಿಗೆ ಸುರಿಯುವುದು. ಒಳಗೆ ಕೆಲಸ ಮಾಡುತ್ತಿರುವವರಿಗೆ ಏನೂ ಗೊತ್ತಾಗುವುದಿಲ್ಲ.

ಈ ಕಮಾಂಡ್‌ಗಳನ್ನೆಲ್ಲ ಸಾಲಾಗಿ ಒಂದು ಫೈಲಿನಲ್ಲಿ ಬರೆದಿಟ್ಟರೆ ಅದೇ ಬ್ಯಾಕಪ್ ಸ್ಕ್ರಿಪ್ಟ್. ಅದಕ್ಕಿಂತ ಮೊದಲು ಒಂದು ತಯಾರಿ ಆಗಬೇಕು. ವಿಎಂ ಒಳಗೆ ಕ್ಯೂಎಂಯು ಗೆಸ್ಟ್ ಏಜೆಂಟ್ ಎಂಬ ಪುಟ್ಟ ಪ್ರೋಗ್ರಾಂ ಹಾಕಿ. ಬ್ಯಾಕಪ್ ಶುರುವಾಗುವ ಕ್ಷಣದಲ್ಲಿ ಮೆಮೊರಿಯಲ್ಲಿ ಇನ್ನೂ ಡಿಸ್ಕ್‌ಗೆ ಇಳಿಯದೆ ಉಳಿದದ್ದನ್ನು ಇಳಿಸಿ, ಫೈಲ್ ಸಿಸ್ಟಮ್ಮನ್ನು ಒಂದು ಗಳಿಗೆ ತಡೆದು ಹಿಡಿಯುವುದು ಅದರ ಕೆಲಸ. 'ವಿರ್ಶ್ ಗೆಸ್ಟ್‌ಇನ್ಫೋ' ಕೊಟ್ಟಾಗ ಮಾಹಿತಿ ಬಂದರೆ ಏಜೆಂಟ್ ಎದ್ದಿದೆ ಎಂದರ್ಥ. ಡೇಟಾಬೇಸ್ ಇರುವ ವಿಎಂ ಆದರೆ ದಿನಕ್ಕೊಂದು ಡಂಪ್ (ಡೇಟಾಬೇಸಿನದಷ್ಟೇ ಕಾಪಿ) ಕೂಡ ಬೇರೆಯಾಗಿ ತೆಗೆದಿಡಿ. ಒಂದೇ ಒಂದು ಟೇಬಲ್ ಬೇಕಾದ ದಿನ ಇಡೀ ಡಿಸ್ಕ್ ಎಬ್ಬಿಸುವ ಕಷ್ಟ ತಪ್ಪುತ್ತದೆ.

ಸ್ಕ್ರಿಪ್ಟನ್ನು ರೂಟ್ (ಎಲ್ಲ ಅಧಿಕಾರ ಇರುವ ಬಳಕೆದಾರ) ಆಗಿಯೇ ಓಡಿಸಿ. ಸಾಮಾನ್ಯ ಬಳಕೆದಾರರಾಗಿ 'ವಿರ್ಶ್ ಲಿಸ್ಟ್' ಕೊಟ್ಟರೆ ಪಟ್ಟಿ ಖಾಲಿ ಬರಬಹುದು, ವಿಎಂ ಎಲ್ಲಿ ಹೋಯ್ತು ಅಂತ ಎದೆ ಧಸಕ್ ಅನ್ನುತ್ತದೆ. ಮೊದಲ ಕೆಲಸ 'ವಿರ್ಶ್ ಡಾಮ್‌ಬ್ಲಾಕ್‌ಲಿಸ್ಟ್'. (ಇದರಲ್ಲಿ ಬ್ಲಾಕ್ ಎಂಬುದನ್ನು ಬಿ-ಎಲ್-ಕೆ ಎಂದಷ್ಟೇ ಟೈಪ್ ಮಾಡಿ.) ವಿಎಂ ಈಗ ಯಾವ ಫೈಲಿಗೆ ಬರೆಯುತ್ತಿದೆ ಎಂದು ಇದು ಹೇಳುತ್ತದೆ. ಅಲ್ಲಿ ಓವರ್‌ಲೇ ಹೆಸರು ಕಂಡರೆ ನಿನ್ನೆಯ ಬ್ಯಾಕಪ್ ಅರ್ಧಕ್ಕೇ ನಿಂತಿದೆ ಎಂದೇ ಲೆಕ್ಕ. ಸ್ಕ್ರಿಪ್ಟ್ ಅಲ್ಲೇ ನಿಂತು ನಿಮಗೊಂದು ಮೇಲ್ ಕಳಿಸಬೇಕು.

ಆಮೇಲೆ 'ವಿರ್ಶ್ ಡಂಪ್ಎಕ್ಸ್ಎಂಎಲ್' ಕೊಟ್ಟು ವಿಎಂನ ವಿವರ ಉಳಿಸಿಕೊಳ್ಳಿ. ಓವರ್‌ಲೇ ಹಾಕುವ ಮೊದಲೇ ಇದಾಗಬೇಕು. ತಡವಾಗಿ ತೆಗೆದರೆ ಅದರಲ್ಲಿ ಡಿಸ್ಕ್ ಎಂದು ಓವರ್‌ಲೇ ಹೆಸರೇ ಕೂತಿರುತ್ತದೆ. ಯುಇಎಫ್ಐ (ಬೂಟ್ ಮಾಡಿಸುವ ಫರ್ಮ್‌ವೇರ್) ಬಳಸುವ ವಿಎಂ ಆದರೆ ಅದರ ಬೂಟ್ ಸೆಟ್ಟಿಂಗ್ ಇರುವ ಎನ್‌ವಿರ‍್ಯಾಮ್ ಫೈಲನ್ನೂ ಸೇರಿಸಿ. ಇದನ್ನು ಬಹಳ ಜನ ಮರೆಯುತ್ತಾರೆ.

ಈಗ ಓವರ್‌ಲೇ. ಕಮಾಂಡ್ 'ವಿರ್ಶ್ ಸ್ನ್ಯಾಪ್‌ಶಾಟ್-ಕ್ರಿಯೇಟ್-ಆ್ಯಸ್'. ಜೊತೆಗೆ ನಾಲ್ಕು ಆಯ್ಕೆ ಬೇಕು. 'ಡಿಸ್ಕ್-ಓನ್ಲಿ' ಅಂದರೆ ಮೆಮೊರಿ ಬೇಡ, ಡಿಸ್ಕ್ ಸಾಕು. 'ಅಟಾಮಿಕ್' ಅಂದರೆ ಎರಡು ಮೂರು ಡಿಸ್ಕ್ ಇದ್ದರೆ ಎಲ್ಲವೂ ಆಗಬೇಕು, ಇಲ್ಲವೇ ಒಂದೂ ಆಗಬಾರದು. 'ಕ್ವಯೆಸ್' ಏಜೆಂಟನ್ನು ಕರೆಯುತ್ತದೆ. ಏಜೆಂಟ್ ಇಲ್ಲದಿದ್ದರೆ ಕಮಾಂಡ್ ಸೋಲುತ್ತದೆ, ಸೋಲುವುದೇ ಒಳ್ಳೆಯದು. 'ನೋ-ಮೆಟಾಡೇಟಾ' ಹಾಕಿದರೆ ಲಿಬ್‌ವರ್ಟ್ ಇದನ್ನು ತನ್ನ ಸ್ನ್ಯಾಪ್‌ಶಾಟ್ ಪಟ್ಟಿಯಲ್ಲಿ ಬರೆದುಕೊಳ್ಳುವುದಿಲ್ಲ.

ಕಾಪಿಗೆ ಸಾದಾ 'ಸಿಪಿ' ನಡೆಯುತ್ತದೆ, 'ಸ್ಪಾರ್ಸ್' ಆಯ್ಕೆಗೆ 'ಆಲ್ವೇಸ್' ಎಂದು ಕೊಡಿ. ಇಲ್ಲದಿದ್ದರೆ ಫೈಲಿನಲ್ಲಿರುವ ಖಾಲಿ ಜಾಗವೂ ಬ್ಯಾಕಪ್ ಡಿಸ್ಕ್‌ನಲ್ಲಿ ನಿಜವಾದ ಜಾಗ ತಿನ್ನಬಹುದು.

ಕಾಪಿ ಮುಗಿದ ಮೇಲೆ 'ವಿರ್ಶ್ ಬ್ಲಾಕ್‌ಕಮಿಟ್', ಜೊತೆಗೆ 'ಆ್ಯಕ್ಟಿವ್' ಮತ್ತು 'ಪಿವಟ್'. ಓವರ್‌ಲೇಯಲ್ಲಿದ್ದದ್ದು ಮೂಲ ಫೈಲಿಗೆ ಸೇರುತ್ತದೆ, ವಿಎಂ ಮತ್ತೆ ಮೂಲ ಫೈಲಿಗೇ ಬರೆಯತೊಡಗುತ್ತದೆ. ಪ್ರತಿ ಡಿಸ್ಕ್‌ಗೂ ಇದನ್ನು ಒಂದೊಂದು ಸಲ ಕೊಡಬೇಕು. ಡಾಮ್‌ಬ್ಲಾಕ್‌ಲಿಸ್ಟ್ ಇನ್ನೊಮ್ಮೆ ನೋಡಿ, ಮೂಲ ಹೆಸರು ಕಂಡರೆ ಮಾತ್ರ ಓವರ್‌ಲೇ ಅಳಿಸಿ.

ಆ 'ಮಾತ್ರ'ಕ್ಕೆ ಕಾರಣವಿದೆ. ಹಿಂದೆ ಒಂದು ಆಫೀಸಿನಲ್ಲಿ ನಾನು ಬರೆದ ಸ್ಕ್ರಿಪ್ಟ್‌ನ ಮೊದಲ ಸಾಲೇ 'ಸೆಟ್ -ಇ' (ಇಲ್ಲಿ ಅಡ್ಡಗೀಟು ಒಂದೇ). ಯಾವ ಕಮಾಂಡ್ ಸೋತರೂ ಅಲ್ಲೇ ನಿಲ್ಲಲಿ ಅಂತ. ಒಂದು ರಾತ್ರಿ ಬ್ಯಾಕಪ್ ಡಿಸ್ಕ್ ತುಂಬಿತು, ಕಾಪಿ ಸೋತಿತು, ಸ್ಕ್ರಿಪ್ಟ್ ನಿಂತಿತು. ಬ್ಲಾಕ್‌ಕಮಿಟ್ ತನಕ ಹೋಗಲೇ ಇಲ್ಲ. ಮರುದಿನವೂ ಅದೇ ಕಥೆ. ಐದು ದಿನಕ್ಕೆ ಐದು ಓವರ್‌ಲೇ, ಒಂದರ ಮೇಲೊಂದು ದೋಸೆ ಜೋಡಿಸಿದ ಹಾಗೆ. ಇವೇನೋ ಬೇಡದ ಫೈಲ್ ಅಂತ ಅಷ್ಟನ್ನೂ ಅಳಿಸಿದವನು ನಾನೇ. ತಮಾಷೆ ಅಂದರೆ ವಿಎಂ ಏನೂ ಆಗದವರ ಹಾಗೆ ಓಡುತ್ತಲೇ ಇತ್ತು. ತೆರೆದ ಫೈಲನ್ನು ಅಳಿಸಿದರೂ ಮುಚ್ಚುವ ತನಕ ಲಿನಕ್ಸ್ ಅದನ್ನು ಬಿಟ್ಟುಕೊಡುವುದಿಲ್ಲ. ಭಾನುವಾರ ಕರೆಂಟ್ ಹೋಗಿ ಸರ್ವರ್ ನಿಂತಾಗ ಐದು ದಿನದ ಕೆಲಸವೂ ಹೋಯಿತು.

ಅದಕ್ಕೆ ಮದ್ದು ಶೆಲ್‌ನ 'ಟ್ರ್ಯಾಪ್'. ಸ್ಕ್ರಿಪ್ಟ್ ಸರಿಯಾಗಿ ಮುಗಿದರೂ, ಸೋತು ನಿಂತರೂ, ಹೊರಗೆ ಹೋಗುವ ಮುನ್ನ ಒಂದು ಫಂಕ್ಷನ್ ಓಡಿಸು ಎಂದು ಅದಕ್ಕೆ ಹೇಳಬಹುದು. ಬ್ಲಾಕ್‌ಕಮಿಟ್ ಆ ಫಂಕ್ಷನ್ ಒಳಗಿರಲಿ. ಓವರ್‌ಲೇ ಹಾಕಿದ ಕೂಡಲೇ ಒಂದು ವೇರಿಯಬಲ್‌ನಲ್ಲಿ 1 ಎಂದು ಗುರುತು ಮಾಡಿ, ಗುರುತಿದ್ದರೆ ಮಾತ್ರ ಬ್ಲಾಕ್‌ಕಮಿಟ್ ನಡೆಯಲಿ. ಕಾಪಿಗೆ ಜಾಗ ಸಾಕೇ ಎಂದು ಮೊದಲೇ 'ಡಿಎಫ್'ನಲ್ಲಿ ನೋಡಿಕೊಂಡರೆ ಇನ್ನೂ ಒಳ್ಳೆಯದು.

ಉಳಿದದ್ದು ಕ್ರಾನ್, ಅಂದರೆ ಸ್ಕ್ರಿಪ್ಟನ್ನು ದಿನವೂ ಹೊತ್ತಿಗೆ ಸರಿಯಾಗಿ ತಾನೇ ಓಡಿಸುವ ವ್ಯವಸ್ಥೆ. ನಿನ್ನೆಯದು ಮುಗಿಯುವ ಮೊದಲೇ ಇವತ್ತಿನದು ಶುರುವಾಗದ ಹಾಗೆ 'ಎಫ್‌ಲಾಕ್' ಹಾಕಿ. ಏಳು ದಿನಕ್ಕಿಂತ ಹಳೆಯ ಕಾಪಿಗಳನ್ನು 'ಫೈಂಡ್' ಅಳಿಸಲಿ, ಆದರೆ ಇವತ್ತಿನ ಕಾಪಿ ಸರಿಯಾಗಿ ಮುಗಿದ ಮೇಲೆ.

ಲಿಬ್‌ವರ್ಟ್ 6.0ರಿಂದ (2020) 'ಬ್ಯಾಕಪ್-ಬಿಗಿನ್' ಎಂಬ ಕಮಾಂಡೂ ಇದೆ. ಅದರಲ್ಲಿ ಓವರ್‌ಲೇ ಹೊದಿಸಿ ತೆಗೆಯುವ ರಗಳೆಯೇ ಇಲ್ಲ. ಆದರೆ ಫೈಲ್ ಸಿಸ್ಟಮ್ಮನ್ನು ತಡೆದು ಹಿಡಿಯುವ, ಬಿಡುವ ಕಮಾಂಡ್‌ಗಳನ್ನು ನೀವೇ ಹಿಂದೆ ಮುಂದೆ ಕೊಡಬೇಕು. ಹೊಸದಾಗಿ ಶುರು ಮಾಡುವವರು ಅದನ್ನೂ ನೋಡಿ.

ಇನ್ನು, ತಿಂಗಳಿಗೊಮ್ಮೆ ಒಂದು ಕಾಪಿಯನ್ನು ಬೇರೆ ಮೆಷಿನ್‌ನಲ್ಲಿ ಎಬ್ಬಿಸಿ ನೋಡಿ. ಉಳಿಸಿದ ಎಕ್ಸ್ಎಂಎಲ್‌ನಲ್ಲಿ ಹೆಸರು ಬದಲಿಸಿ, ಯುಯುಐಡಿ (ವಿಎಂನ ಗುರುತಿನ ಸಂಖ್ಯೆ) ಸಾಲು ತೆಗೆಯಿರಿ, ನೆಟ್‌ವರ್ಕ್ ಕಾರ್ಡ್ ಕೂಡ ತೆಗೆದುಬಿಡಿ. ಇಲ್ಲದಿದ್ದರೆ ಎದ್ದ ಕೂಡಲೇ ಅಸಲಿ ಸರ್ವರ್‌ನ ಐಪಿಯನ್ನು ತನ್ನದು ಅಂದುಕೊಂಡು ಜಗಳಕ್ಕೆ ಬರುತ್ತದೆ. ಲಾಗಿನ್ ಆಗಿ, ಬ್ಯಾಕಪ್ ತೆಗೆದ ದಿನದ ಎಂಟ್ರಿ ಒಂದನ್ನು ಹುಡುಕಿ. ಸಿಕ್ಕಿದರೆ ಆ ವಿಎಂ ಅಳಿಸಿ.