ಹಳೆಯ ಅಮೆರಿಕನ್ ರೇಡಿಯೋ ನಾಟಕ ಕೇಳುವ ಕ್ರಮ

ಹೊಸಬರು ‘ಸಸ್ಪೆನ್ಸ್’ ಸರಣಿಯಿಂದ ಶುರು ಮಾಡುವುದು ಒಳ್ಳೆಯದು. ಸಿಬಿಎಸ್ ಎಂಬ ಅಮೆರಿಕದ ರೇಡಿಯೋ ಜಾಲದಲ್ಲಿ 1942ರಿಂದ 1962ರವರೆಗೆ ಬಂದ ಇದರ ಕಂತುಗಳು ಹೆಚ್ಚಾಗಿ ಅರ್ಧ ಗಂಟೆಯವು. ಪ್ರತಿಯೊಂದಕ್ಕೂ ಬೇರೆ ಕಥೆ ಇರುವುದರಿಂದ ಎಲ್ಲಿಂದ ಬೇಕಾದರೂ ಹಿಡಿಯಬಹುದು. 1943ರ ‘ಸಾರಿ, ರಾಂಗ್ ನಂಬರ್’ ಮೊದಲು ಕೇಳಿ. ನಟಿ ಆಗ್ನೆಸ್ ಮೂರ್‌ಹೆಡ್ ಅವರ ಏರುತ್ತಾ ಹೋಗುವ ದನಿ, ಫೋನಿನ ಡಯಲ್ ತಿರುಗುವ ಸದ್ದು, ಇಷ್ಟರಲ್ಲೇ ಎದೆ ನಡುಗುತ್ತದೆ.

ಹಾಸ್ಯಕ್ಕೆ ನಟ ಜಾಕ್ ಬೆನ್ನಿ ಅವರ ಕಾರ್ಯಕ್ರಮ. ಆದರೆ ಒಂದೇ ಕಂತು ಕೇಳಿ ಬಿಟ್ಟುಬಿಡಬೇಡಿ. ಅವರು ಆಡುವ ಜಿಪುಣನ ಪಾತ್ರದ ನಗು ಕಂತಿನಿಂದ ಕಂತಿಗೆ ಬೆಳೆಯುವಂಥದ್ದು. ನಾಲ್ಕೈದನ್ನು ಸಾಲಾಗಿ ಕೇಳಿದರೇ ರುಚಿ ಹತ್ತುವುದು.

ಇಂಟರ್ನೆಟ್ ಆರ್ಕೈವ್ ಎಂಬ ಜಾಲತಾಣದಲ್ಲಿ ಒಂದೇ ಕಂತಿನ ಹಲವು ಪ್ರತಿಗಳು ಸಿಗುತ್ತವೆ. ಕೆಬಿಪಿಎಸ್ ಅಂದರೆ ಪ್ರತಿ ಸೆಕೆಂಡಿಗೆ ಫೈಲಿನಲ್ಲಿರುವ ಮಾಹಿತಿಯ ಅಳತೆ; 32 ಕೆಬಿಪಿಎಸ್‌ನದನ್ನು ಬಿಟ್ಟು 64 ಅಥವಾ 128ರದು ಇಳಿಸಿಕೊಳ್ಳಿ. ಆದರೂ ಕೇಳಿ ನೋಡಿಯೇ ಆರಿಸಿ, ಕೆಟ್ಟ ಟೇಪಿಗೆ ಅಂಕಿ ದೊಡ್ಡದಾದರೆ ಏನೂ ಪ್ರಯೋಜನವಿಲ್ಲ.

ದನಿ ಎಳೆದಂತೆ, ದಪ್ಪಗೆ ಕೇಳಿಸಿದರೆ ಮೂಲ ಡಿಸ್ಕನ್ನೋ ಟೇಪನ್ನೋ ತಪ್ಪು ವೇಗದಲ್ಲಿ ನಕಲು ಮಾಡಿರುತ್ತಾರೆ. ಅರ್ಧ ಗಂಟೆಯ ಕಾರ್ಯಕ್ರಮ ಸಾಮಾನ್ಯವಾಗಿ ಇಪ್ಪತ್ತೊಂಬತ್ತೂವರೆ ನಿಮಿಷದ್ದು. ಫೈಲು 31 ನಿಮಿಷ ಇದ್ದರೆ ಆಡಾಸಿಟಿ ಎಂಬ ಧ್ವನಿ ತಿದ್ದುವ ತಂತ್ರಾಂಶದಲ್ಲಿ ವೇಗವನ್ನು ಶೇ. 5ರಷ್ಟು ಹೆಚ್ಚಿಸಿ. ಟೆಂಪೊ, ಅಂದರೆ ಸ್ವರ ಬದಲಿಸದೆ ಗತಿಯನ್ನು, ಮಾತ್ರ ಬದಲಿಸಿದರೆ ಅವಧಿ ಸರಿಹೋಗುತ್ತದೆ, ದನಿ ದಪ್ಪವಾಗಿಯೇ ಉಳಿಯುತ್ತದೆ.

ಟೇಪಿನ ಹಿಸ್ (‘ಸ್‌ಸ್’ ಎನ್ನುವ) ಸದ್ದಿಗೆ 5000–6000 ಹರ್ಟ್ಸ್‌ನ ಲೋ-ಪಾಸ್ ಫಿಲ್ಟರ್ (ಅದಕ್ಕಿಂತ ಮೇಲಿನ ಸ್ವರಗಳನ್ನು ತಗ್ಗಿಸುವುದು) ಸಾಕು. ನಾಯ್ಸ್ ರಿಡಕ್ಷನ್ (ಹಿನ್ನೆಲೆ ಸದ್ದು ತಗ್ಗಿಸುವುದು) ಬೇಕೆನಿಸಿದರೆ 6 ಡೆಸಿಬಲ್‌ನಿಂದ ಆರಂಭಿಸಿ; ಹೆಚ್ಚಾದರೆ ಮಾತು ನೀರಿನೊಳಗಿಂದ ಬಂದಂತಾಗಿ, ಹೆಜ್ಜೆ-ಬಾಗಿಲುಗಳ ಸಣ್ಣ ಸದ್ದು ಅಳಿಸಿಹೋಗುತ್ತದೆ. ನಾಟಕದ ಜೀವ ಇರುವುದೇ ಆ ಸದ್ದುಗಳಲ್ಲಿ. ಒಂದೇ ಕಿವಿಗೆ ಕೇಳಿಸುತ್ತಿದ್ದರೆ ಫೋನಿನ ಆಕ್ಸೆಸಿಬಿಲಿಟಿ ಸೆಟ್ಟಿಂಗ್‌ನಲ್ಲಿ ಮೋನೊ ಆಡಿಯೋ (ಎರಡೂ ಕಿವಿಗೆ ಒಂದೇ ದನಿ) ಆನ್ ಮಾಡಿ.