ಹಳೇ ವಿಡಿಯೊ ಗೇಮ್ ಬೋರ್ಡು ಆನ್ ಆಗ್ತಿಲ್ವಾ? ಸಿಪಿಯು ಕೀಳಬೇಡಿ, ಮೀಟರ್ ಹಿಡಿಯಿರಿ

ಕಾಯಿನ್ ಹಾಕಿ, ನಿಂತುಕೊಂಡೇ ಆಡುತ್ತಿದ್ದ ದೊಡ್ಡ ಗೇಮ್ ಡಬ್ಬಗಳು ನೆನಪಿದೆಯಾ? ಅಂಥದ್ದೊಂದರ ಬೋರ್ಡು ಹೋದ ವರ್ಷ ತುಮಕೂರಿನ ಗುಜರಿ ಅಂಗಡಿಯಲ್ಲಿ ತೂಕದ ಲೆಕ್ಕದಲ್ಲಿ ಸಿಕ್ಕಿತು. ಕರೆಂಟ್ ಕೊಟ್ಟರೆ ಪರದೆ ತುಂಬಾ ಬರೀ ಕಸ, ಅರ್ಧಂಬರ್ಧ ಅಕ್ಷರ, ಬಣ್ಣದ ಚೌಕ. ಬೋರ್ಡಿನ ಮಿದುಳಿನಂಥ ಚಿಪ್ಪು, ಅಂದರೆ ಸಿಪಿಯು, ಹೋಗಿದೆ ಅಂತ ನಾನೇ ತೀರ್ಮಾನ ಮಾಡಿ ಬದಲಿಸಿಬಿಟ್ಟೆ. ಅದು ಚೆನ್ನಾಗಿಯೇ ಇತ್ತು. ಎರಡು ಭಾನುವಾರ ಸುಮ್ನೆ ಹಾಳಾಯಿತು. ನೀವು ಹಾಗೆ ಮಾಡಬೇಡಿ.

ಮೊದಲು ಬೋರ್ಡನ್ನು ಡಬ್ಬದಿಂದ ಹೊರಗೆ ತೆಗೆಯಿರಿ. ಹಳೇ ಪಿಕ್ಚರ್ ಟ್ಯೂಬು ಆಫ್ ಆದ ಮೇಲೂ ಸಾವಿರಾರು ವೋಲ್ಟ್ ಹಿಡಿದುಕೊಂಡಿರುತ್ತದೆ, ಆ ಕಡೆ ಕೈ ಹಾಕಬೇಡಿ. ಆಮೇಲೆ ಕರೆಂಟ್ ಕೊಡುವ ಮುಂಚೆ 5 ವೋಲ್ಟಿನ ಗೆರೆಗೂ ಗ್ರೌಂಡಿಗೂ ನಡುವೆ ಮಲ್ಟಿಮೀಟರ್‌ನಿಂದ ರೆಸಿಸ್ಟೆನ್ಸ್ ನೋಡಿ. ಸೊನ್ನೆ ಹತ್ತಿರ ಬಂದರೆ ಎಲ್ಲೋ ಶಾರ್ಟ್ ಇದೆ.

ಈಗ ಕರೆಂಟ್. 1985ರಲ್ಲಿ ಜಪಾನಿನಲ್ಲಿ ಬಂದ ಜಮ್ಮಾ (ಬೋರ್ಡನ್ನು ಡಬ್ಬಕ್ಕೆ ಜೋಡಿಸುವ ಒಂದೇ ನಮೂನೆಯ ಕನೆಕ್ಟರ್) ಪದ್ಧತಿಯ ಬೋರ್ಡಾದರೆ ಅಂಚಿನಲ್ಲಿ 56 ಪಿನ್ ಇರುತ್ತವೆ, 1 ಮತ್ತು 2 ಗ್ರೌಂಡ್, 3 ಮತ್ತು 4ರಲ್ಲಿ 5 ವೋಲ್ಟ್, 6ರಲ್ಲಿ 12 ವೋಲ್ಟ್. ಕನೆಕ್ಟರ್ ತಿರುಗಾಮುರುಗಾ ಹಾಕಿದರೆ ಚಿಪ್ಪು ಸುಡಬಹುದು, ಎರಡು ಸಲ ನೋಡಿ. ಇಲ್ಲೇ ನಾನು ಎಡವಿದ್ದು. ಪವರ್ ಸಪ್ಲೈ ತುದಿಯಲ್ಲಿ 5.02 ತೋರಿಸಿತು, ಸಮಾಧಾನವಾಯಿತು. ಆದರೆ ನನ್ನ ಬೋರ್ಡಿನ ಜೆಡ್80 ಸಿಪಿಯುನ 11ನೇ ಪಿನ್‌ಗೂ (5 ವೋಲ್ಟ್) 29ನೇ ಪಿನ್‌ಗೂ (ಗ್ರೌಂಡ್) ಮೀಟರ್ ಮುಟ್ಟಿಸಿದರೆ 4.58! ಕನೆಕ್ಟರಿಗೆ ಸಿಕ್ಕುವ ತಾಮ್ರದ ಪಟ್ಟಿ ಕಂದು ಬಣ್ಣಕ್ಕೆ ತಿರುಗಿ ಅಂಟಂಟಾಗಿತ್ತು. ಸ್ಕೂಲ್ ಮಕ್ಕಳ ರಬ್ಬರಿನಿಂದ ಉಜ್ಜಿ, ಸ್ಪಿರಿಟ್‌ನಿಂದ ಒರೆಸಿದ ಮೇಲೆ 4.94 ಬಂತು. ಬೋರ್ಡಿನ ಮೇಲೆ 4.75ರಿಂದ 5.25ರ ಒಳಗೆ ಇರಬೇಕು. ಕಡಿಮೆ ಬಂತು ಅಂತ ಸಪ್ಲೈಯ ಸ್ಕ್ರೂ ತಿರುಗಿಸಿ ಜಾಸ್ತಿ ಮಾಡುವ ಮುಂಚೆ ಉಜ್ಜಿ.

ಮುಂದೆ ರಾಮ್ ಚಿಪ್ಪು (ಆಟ ನಡೆಯುವಾಗಿನ ತಾತ್ಕಾಲಿಕ ನೆನಪು) ಬೇರೆ, ರೋಮ್ ಚಿಪ್ಪು (ಆಟದ ಪ್ರೋಗ್ರಾಮ್ ಇರುವುದು) ಬೇರೆ ಅಂತ ಗುರುತಿಸಿಕೊಳ್ಳಿ. ಮೇಲೆ ಗಾಜಿನ ಕಿಟಕಿ, ಅದರ ಮೇಲೆ ಸ್ಟಿಕ್ಕರ್ ಇರುವುದು ರೋಮ್. ಸ್ಟಿಕ್ಕರ್ ಕೀಳಬೇಡಿ, ಬಿಸಿಲಲ್ಲಿ ತೆರೆದಿಟ್ಟರೆ ಒಳಗಿನ ಪ್ರೋಗ್ರಾಮೇ ಕ್ರಮೇಣ ಅಳಿಸಿಹೋಗುತ್ತದೆ. ಕಾಲುಗಳು ಕಪ್ಪಾಗಿದ್ದರೆ ಒಂದೊಂದಾಗಿ ತೆಗೆದು ಉಜ್ಜಿ ಮತ್ತೆ ಕೂರಿಸಿ. ಕೂರಿಸುವಾಗ ಅರ್ಧ ಚಂದ್ರದ ಗುರುತು ಯಾವ ಕಡೆಗಿತ್ತೋ ಆ ಕಡೆಗೇ. ನಾನೊಂದು ರೋಮ್ ಹಾಕುವಾಗ ಒಂದು ಕಾಲು ಸಾಕೆಟ್ ಒಳಗೆ ಹೋಗದೆ ಚಿಪ್ಪಿನ ಹೊಟ್ಟೆಯ ಕೆಳಗೆ ಮಡಚಿಕೊಂಡಿತು. ಮೇಲಿಂದ ನೋಡಿದರೆ ಏನೂ ಗೊತ್ತಾಗಲ್ಲ, ಟಾರ್ಚ್ ಹಿಡಿದು ಪಕ್ಕದಿಂದ ನೋಡಿದಾಗಲೇ ಕಂಡದ್ದು.

ಇಷ್ಟಾದರೂ ಏಳದಿದ್ದರೆ ಲಾಜಿಕ್ ಪ್ರೋಬ್ ಬೇಕು, ಅಂದರೆ ಪಿನ್‌ನಲ್ಲಿ ವೋಲ್ಟೇಜ್ ಮೇಲಿದೆಯಾ, ಕೆಳಗಿದೆಯಾ, ಮಿಡಿಯುತ್ತಿದೆಯಾ ಅಂತ ತೋರಿಸುವ ಕಡ್ಡಿ. ಜೆಡ್80ಯ 6ನೇ ಪಿನ್‌ನಲ್ಲಿ ಕ್ಲಾಕ್, ಅಂದರೆ ಸಿಪಿಯುಗೆ ತಾಳ ಹಾಕುವ ಸಿಗ್ನಲ್, ಮಿಡಿಯುತ್ತಿರಬೇಕು. 26ನೇ ಪಿನ್ ರೀಸೆಟ್ (ಸಿಪಿಯುವನ್ನು ಮೊದಲಿಂದ ಶುರು ಮಾಡಿಸುವುದು), ಆನ್ ಮಾಡಿದಾಗ ಒಂದು ಕ್ಷಣ ಕೆಳಗಿದ್ದು ಮೇಲೆ ಹೋಗಿ ಅಲ್ಲೇ ನಿಲ್ಲಬೇಕು. ಮತ್ತೆ ಮತ್ತೆ ಕೆಳಗೆ ಬೀಳುತ್ತಿದ್ದರೆ ವಾಚ್‌ಡಾಗ್ ಅನ್ನುವ ಕಾವಲು ಸರ್ಕ್ಯೂಟ್ ಕೆಲಸ ಮಾಡುತ್ತಿರಬಹುದು. ಪ್ರೋಗ್ರಾಮು ಆಗಾಗ ಅದಕ್ಕೆ "ಬದುಕಿದ್ದೀನಿ" ಅಂತ ಹೇಳುತ್ತಿರಬೇಕು, ಹೇಳದಿದ್ದರೆ ಅದು ರೀಸೆಟ್ ಒತ್ತಿಬಿಡುತ್ತದೆ. ಅಂದರೆ ತಪ್ಪು ರೀಸೆಟ್‌ನದ್ದಲ್ಲ, ರೋಮ್, ರಾಮ್ ಅಥವಾ ನಡುವಿನ ದಾರಿಯದ್ದು ಇರಬಹುದು. 7ರಿಂದ 10, 12ರಿಂದ 15ರವರೆಗಿನ ಪಿನ್‌ಗಳು ಡೇಟಾ, ಎಲ್ಲವೂ ಅಲುಗಾಡುತ್ತಿರಬೇಕು. ಒಂದು ಮಾತ್ರ ಸತ್ತಂತೆ ನಿಂತಿದ್ದರೆ ಆ ಗೆರೆ ಹಿಡಿದುಕೊಂಡು ಹೋಗಿ, ಕೊನೆಗೊಂದು ಕೆಟ್ಟ ಚಿಪ್ಪು ಸಿಗುವ ಸಾಧ್ಯತೆ ಜಾಸ್ತಿ.

ಬಿಡಿಭಾಗಕ್ಕೆ ತುಮಕೂರಿನವರು ಹೇಗೂ ರೈಲು ಹತ್ತಿ ಬೆಂಗಳೂರಿನಲ್ಲಿ ಎಲೆಕ್ಟ್ರಾನಿಕ್ಸ್ ಅಂಗಡಿಗಳಿರುವ ಎಸ್.ಪಿ. ರಸ್ತೆಗೇ ಹೋಗಬೇಕು. ಹಳೇ ಚಿಪ್ಪನ್ನು ಜೇಬಲ್ಲಿ ಇಟ್ಟುಕೊಂಡು ಹೋಗಿ, ನಂಬರ್ ಬಾಯಲ್ಲಿ ಹೇಳಿದರೆ ಇನ್ನೇನೋ ಕೊಡುತ್ತಾರೆ. ಸಾಕೆಟ್ ಕೂಡ ತನ್ನಿ, ಒಂದಲ್ಲ ಎರಡು.