ರಷ್ಯನ್ ಗೆಳೆಯರಿಗೆ ‘ಹ್ಯಾವ್’ ಹೇಳಿಕೊಡುವುದು ಹೇಗೆ?

‘ನನ್ನ ಹತ್ತಿರ ಕಾರಿದೆ’ ಎನ್ನುವುದಕ್ಕೆ ರಷ್ಯನ್ನರು ‘ಉ ಮಿನ್ಯಾ ಯೆಸ್ತ್ ಮಶಿನಾ’ ಎನ್ನುತ್ತಾರೆ. ಉ ಮಿನ್ಯಾ ಅಂದರೆ ನನ್ನ ಹತ್ತಿರ, ಯೆಸ್ತ್ ಅಂದರೆ ಇದೆ, ಮಶಿನಾ ಅಂದರೆ ಕಾರು. ನಮ್ಮ ಮಾತಿನ ಹಾಗೇ ಇದೆ, ಅಲ್ವಾ? ಎರಡು ಭಾಷೆಯಲ್ಲೂ ಇಲ್ಲಿ ಕರ್ತೃ ಕಾರು, ಅದರ ಮಾಲೀಕನಲ್ಲ. ಇಂಗ್ಲಿಷಿನ ‘ಹ್ಯಾವ್’ಗೆ ಸಮನಾದ ‘ಇಮೆತ್’ ಎಂಬ ಕ್ರಿಯಾಪದ ರಷ್ಯನ್‌ನಲ್ಲೂ ಇದೆ. ಆದರೆ ಅದು ಹಕ್ಕು, ಅರ್ಥ ಇಂಥ ಪದಗಳ ಜೊತೆ ಬರುವುದೇ ಜಾಸ್ತಿ. ರಷ್ಯಾದಲ್ಲಿ ಮೆಡಿಕಲ್ ಓದುವ ನಮ್ಮ ಮಕ್ಕಳು ಅಲ್ಲಿನ ಗೆಳೆಯರಿಗೆ ‘ಹ್ಯಾವ್’ ಹೇಳಿಕೊಡಲು ಹೊರಟರೆ, ಅವರು ಎಲ್ಲಿ ತಡವರಿಸುತ್ತಾರೆ ಎಂಬುದು ಕನ್ನಡದಿಂದಲೇ ಗೊತ್ತಾಗುತ್ತದೆ.

ಮೊದಲು ಮಾಲೀಕನನ್ನು ಕರ್ತೃ ಮಾಡಿಸಿ. ‘ಉ ಮಿನ್ಯಾ’ ಬಿಟ್ಟು ‘ಯಾ’, ಅಂದರೆ ‘ನಾನು’ ಎಂದು ಶುರು ಮಾಡಲು ಹೇಳಿ. ಆಗ ‘ಐ ಹ್ಯಾವ್ ಎ ಕಾರ್’ ತಾನಾಗಿ ಬರುತ್ತದೆ. ಅವನು, ಅವಳು ಬಂದರೆ ‘ಹ್ಯಾಸ್’. ನಡುವಿನ ‘ಎ’ಯನ್ನು ಆಗಾಗ ನೆನಪಿಸಬೇಕು, ಅಂಥ ಪದ ರಷ್ಯನ್‌ನಲ್ಲಿ ಇಲ್ಲ.

ಮುಂದಿನದು ನಿಜವಾಗಿ ಕಷ್ಟದ ಜಾಗ. ಇಲ್ಲಿ ಅವಸರ ಮಾಡಬೇಡಿ. ಎಷ್ಟೋ ಕಡೆ ರಷ್ಯನ್ ಆ ‘ಯೆಸ್ತ್’ ಅನ್ನೂ ಬಿಟ್ಟುಬಿಡುತ್ತದೆ. ‘ಉ ನಿಯೋ ಗ್ರಿಪ್’ ಎಂದರೆ ಅವಳಿಗೆ ಫ್ಲೂ, ಅಷ್ಟೇ. ನಾವೂ ‘ಅವಳಿಗೆ ಜ್ವರ’ ಎಂದು ಸುಮ್ಮನಾಗುತ್ತೇವೆ. ಇಂಗ್ಲಿಷ್ ಬಿಡುವುದಿಲ್ಲ: ‘ಶಿ ಹ್ಯಾಸ್ ದ ಫ್ಲೂ’. ಕಣ್ಣಿನ ಬಣ್ಣ, ತಲೆನೋವು, ನೆಗಡಿ ಎಲ್ಲಕ್ಕೂ ಹೀಗೇ. ಇಂಥ ಹತ್ತು ವಾಕ್ಯ ಬಾಯಲ್ಲಿ ಹೇಳಿಸಿ. ಇದು ಕೂತ ಮೇಲೆ ವಯಸ್ಸಿನ ವಿಷಯದಲ್ಲಿ ಎಚ್ಚರ. ‘ಮ್ನ್ಯೆ ದ್ವಾತ್ಸತ್ ಲ್ಯೆತ್’ ಎಂದರೆ ‘ನನಗೆ 20 ವರ್ಷ’. ಅಲ್ಲೂ ಹ್ಯಾವ್ ಸೇರಿಸುವ ಆಸೆ ಬರಬಹುದು. ಅದು ‘ಐ ಆ್ಯಮ್ 20’ ಎಂದೇ ಆಗಬೇಕು.

‘ಇಲ್ಲ’ ಎನ್ನಲು ಅವರಿಗೆ ‘ನ್ಯೆತ್’ ಒಂದೇ ಸಾಕು. ಇಂಗ್ಲಿಷಿಗೆ ‘ಡು’ವಿನ ನೆರವು ಬೇಕು: ‘ಐ ಡೋಂಟ್ ಹ್ಯಾವ್ ಎ ಕಾರ್’. ‘ಡಸ್’ ಬಂದ ಕೂಡಲೇ ‘ಹ್ಯಾಸ್’ ಮತ್ತೆ ‘ಹ್ಯಾವ್’ ಆಗುತ್ತದೆ.

ಇನ್ನು ಊಟ ತಿಂಡಿ. ಬೆಳಗಿನ ತಿಂಡಿ ತಿನ್ನುವುದಕ್ಕೆ ರಷ್ಯನ್‌ನಲ್ಲಿ ಒಂದೇ ಕ್ರಿಯಾಪದ ಇದೆ. ಇಂಗ್ಲಿಷಿನಲ್ಲಿ ‘ಹ್ಯಾವ್ ಬ್ರೇಕ್‌ಫಾಸ್ಟ್’. ತಿನ್ನುತ್ತಾ ಇರುವಾಗ ‘ಹ್ಯಾವಿಂಗ್’ ಸರಿ. ಆದರೆ ‘ಐ ಆ್ಯಮ್ ಹ್ಯಾವಿಂಗ್ ಟೂ ಬ್ರದರ್ಸ್’ ತಪ್ಪು. ಇದು ನಮ್ಮ ಕಡೆಯ ರೂಢಿ, ದಯವಿಟ್ಟು ಅವರಿಗೆ ದಾಟಿಸಬೇಡಿ.

ಕೊನೆಗೆ ಉಚ್ಚಾರಣೆ. ರಷ್ಯನ್‌ನಲ್ಲಿ ಪದದ ಕೊನೆಯ ‘ವ್’ ಸದ್ದು ‘ಫ್’ ಆಗಿಬಿಡುತ್ತದೆ. ಆ ಅಭ್ಯಾಸದಲ್ಲಿ ‘ಹ್ಯಾವ್’ ಕೂಡ ‘ಹ್ಯಾಫ್’ ಆಗುತ್ತದೆ. ಗಂಟಲ ಮೇಲೆ ಬೆರಳಿಟ್ಟು, ಕಂಪನ ಕೊನೆಯವರೆಗೂ ಇದೆಯಾ ಎಂದು ನೋಡಿಕೊಳ್ಳಲು ಹೇಳಿ. ‘ಹೋಗಬೇಕು’ ಎನ್ನುವ ‘ಹ್ಯಾವ್ ಟು ಗೋ’ ಬಂದಾಗ ಮಾತ್ರ ತಿದ್ದಬೇಡಿ. ಅಲ್ಲಿ ಇಂಗ್ಲಿಷರೂ ‘ಹ್ಯಾಫ್ ಟು’ ಎಂದೇ ಹೇಳುತ್ತಾರೆ.